ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಕೈಕೊಟ್ಟಾಗ: ಕೆಳಗಿನ ಪದರದಿಂದ ಮೇಲಕ್ಕೆ ಹುಡುಕುವ ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಕೆಲಸ ಮಾಡದಿದ್ದಾಗ ಹೆಚ್ಚಿನವರು ಮೊದಲು ಪಾಸ್‌ವರ್ಡನ್ನು ಮತ್ತೆ ಮತ್ತೆ ಟೈಪ್ ಮಾಡುತ್ತಾರೆ. ಅದೂ ಆಗದಿದ್ದಾಗ ಎಲ್ಲೋ ಸಿಕ್ಕಿದ ಡ್ರೈವರ್ ಒಂದನ್ನು ತಂದು ತುಂಬುತ್ತಾರೆ. ಮೊದಲನೆಯದರಿಂದ ಸಮಯ ಮಾತ್ರ ಹಾಳಾಗುತ್ತದೆ, ಎರಡನೆಯದರಿಂದ ಇಲ್ಲದ ತೊಂದರೆಯೂ ಬಂದು ಸೇರುತ್ತದೆ. ರೇಡಿಯೊ ಸ್ವಿಚ್, ಕಾರ್ಡ್, ಡ್ರೈವರ್, ಫರ್ಮ್‌ವೇರ್, ಸ್ಕ್ಯಾನ್, ದೃಢೀಕರಣ, ಐಪಿ ವಿಳಾಸ, ಡಿಎನ್‌ಎಸ್ (ತಾಣದ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸುವ ಸೇವೆ) ಎಂಬ ಪದರಗಳು ಒಂದರ ಮೇಲೊಂದು ಕುಳಿತಿರುತ್ತವೆ, ಕೆಳಗಿನದು ಕೆಟ್ಟಿರುವಾಗ ಮೇಲಿನದನ್ನು ಎಷ್ಟು ತಿದ್ದಿದರೂ ಫಲ ಸಿಗುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಹಂತಗಳ ಕ್ರಮವೇ ಮುಖ್ಯ. ಯಾವ ಪದರದಲ್ಲಿ ದೋಷವಿದೆ ಎಂದು ಖಚಿತವಾಗುವವರೆಗೆ ಯಾವುದನ್ನೂ ಬದಲಿಸಬೇಡಿ. ಬದಲಿಸಲು ತೊಡಗಿದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಮುಂದೆ ಹೋಗಿ.

## ಆರಂಭಿಸುವ ಮುನ್ನ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ವೈ-ಫೈ ಸರಿಪಡಿಸಲು ಬಹಳ ಸಲ ಇಂಟರ್ನೆಟ್ ಬೇಕಾಗುತ್ತದೆ, ಇಂಟರ್ನೆಟ್ ಬರಬೇಕಾದರೆ ವೈ-ಫೈ ಸರಿಯಿರಬೇಕು. ಈ ಸುಳಿಯಿಂದ ಹೊರಬರುವ ಸುಲಭ ದಾರಿ ಯುಎಸ್‌ಬಿ ಟೆದರಿಂಗ್. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್‌ಗಳಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ, ಲಿನಕ್ಸ್ ಅದನ್ನು ತಂತಿ ಸಂಪರ್ಕವೆಂದು ತಿಳಿದು ತಾನಾಗಿಯೇ ಬಳಸಿಕೊಳ್ಳುತ್ತದೆ. ಫೋನ್ ಆಗ ವೈ-ಫೈನಲ್ಲಿದ್ದರೆ ಆ ಸಂಪರ್ಕವನ್ನೇ ಲ್ಯಾಪ್‌ಟಾಪ್‌ಗೂ ಹಂಚಬಲ್ಲದು. ಚಾರ್ಜ್ ಮಾತ್ರ ಮಾಡುವ ಕೇಬಲ್‌ನಿಂದ ಇದು ಆಗುವುದಿಲ್ಲ. ಈಥರ್ನೆಟ್ ಕೇಬಲ್ ಇದ್ದರೆ ಅದೂ ಸಾಕು.

ಇದರ ಜೊತೆಗೆ ನಿರ್ವಾಹಕ ಪಾಸ್‌ವರ್ಡ್, ಹೋಲಿಸಿ ನೋಡಲು ವೈ-ಫೈ ಇರುವ ಇನ್ನೊಂದು ಸಾಧನ, ಮಾಡಿದ ಪ್ರತಿ ಬದಲಾವಣೆಯನ್ನು ಬರೆದಿಡಲು ಒಂದು ಹಾಳೆ ಬೇಕು. ಹಾಳೆ ಏಕೆ ಎಂದು ಕೇಳುವವರು, ಐದು ಕಡತಗಳನ್ನು ತಿದ್ದಿದ ಮೇಲೆ ಯಾವುದನ್ನು ಹಿಂದಕ್ಕೆ ತರಬೇಕೆಂದು ತಿಳಿಯದೆ ಇಡೀ ಸಿಸ್ಟಮ್ ಮರುಸ್ಥಾಪಿಸಿದವರನ್ನು ನೋಡಿರಲಿಕ್ಕಿಲ್ಲ.

ಕಮಾಂಡ್‌ಗಳನ್ನು ಇಲ್ಲಿ ಓದುವ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ‘ಎಲ್‌ಎಸ್‌ಪಿಸಿಐ’ ಎಂದಿದ್ದರೆ ಆ ಐದು ಅಕ್ಷರಗಳನ್ನು ಅಂತರವಿಲ್ಲದೆ ಬರೆಯಿರಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ. ವೈ-ಫೈ ಇಂಟರ್‌ಫೇಸ್‌ನ ಹೆಸರು ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆಯಾಗಿರುತ್ತದೆ. ಉದಾಹರಣೆಗಳಲ್ಲಿ ‘ಡಬ್ಲ್ಯುಎಲ್‌ಪಿ2ಎಸ್0’ ಎಂದು ಬರೆದಿರುವ ಕಡೆ ನಿಮ್ಮ ಯಂತ್ರದಲ್ಲಿರುವ ಇಂಟರ್‌ಫೇಸ್ ಹೆಸರನ್ನು (ಹಂತ 1ರ ಪಟ್ಟಿಯಲ್ಲಿ ವೈ-ಫೈ ಸಾಲಿನ ಮೊದಲ ಪದ) ಹಾಕಿಕೊಳ್ಳಿ.

## ಹಂತ 1: ದೋಷ ಯಾವ ಪದರದ್ದು ಎಂದು ವಿಂಗಡಿಸಿ

ಮೊದಲು ಅದೇ ವೈ-ಫೈಗೆ ಇನ್ನೊಂದು ಸಾಧನವನ್ನು ಸೇರಿಸಿ ನೋಡಿ. ಅದಕ್ಕೂ ಇಂಟರ್ನೆಟ್ ಬರದಿದ್ದರೆ ತೊಂದರೆ ರೂಟರ್‌ನದು ಅಥವಾ ಹೊರಗಿನ ಸಂಪರ್ಕದ್ದು, ಲ್ಯಾಪ್‌ಟಾಪ್‌ಗೆ ಕೈ ಹಚ್ಚಬೇಕಾಗಿಲ್ಲ. ಅದು ಸರಿಯಿದ್ದರೆ ಟರ್ಮಿನಲ್ ತೆರೆದು ‘ಎನ್‌ಎಂಸಿಎಲ್‌ಐ ಡಿವೈಸ್ ಸ್ಟೇಟಸ್’ ಎಂಬ ಕಮಾಂಡ್ ಕೊಡಿ. ನೆಟ್‌ವರ್ಕ್‌ಮ್ಯಾನೇಜರ್ (ಸಂಪರ್ಕಗಳನ್ನು ನಿಭಾಯಿಸುವ ಸೇವೆ) ಇರುವ ಉಬುಂಟು, ಫೆಡೋರಾ, ಮಿಂಟ್, ಡೆಬಿಯನ್ ಡೆಸ್ಕ್‌ಟಾಪ್‌ಗಳಲ್ಲೆಲ್ಲ ಇದು ನಡೆಯುತ್ತದೆ.

ಅಲ್ಲಿ ವೈ-ಫೈ ಬಗೆಯ ಸಾಲಿನ ಮುಂದೆ ಇರುವ ಒಂದೇ ಪದ ನಿಮ್ಮ ಮುಂದಿನ ದಾರಿಯನ್ನು ತೋರಿಸುತ್ತದೆ. ವೈ-ಫೈ ಸಾಲೇ ಇಲ್ಲದಿದ್ದರೆ ಕರ್ನೆಲ್‌ಗೆ (ಲಿನಕ್ಸ್‌ನ ತಿರುಳಿಗೆ) ಕಾರ್ಡ್ ಅಥವಾ ಡ್ರೈವರ್ ಸಿಕ್ಕಿಲ್ಲ. ಹಂತ 3ಕ್ಕೆ ಹೋಗಿ. ‘ಅನ್‌ಅವೈಲಬಲ್’ ಎಂದಿದ್ದರೆ ರೇಡಿಯೊ ಮುಚ್ಚಿದೆ, ಇಲ್ಲವೇ ಫರ್ಮ್‌ವೇರ್ ಅಥವಾ ದೃಢೀಕರಣ ಸೇವೆ (‘ಡಬ್ಲ್ಯುಪಿಎ_ಸಪ್ಲಿಕಂಟ್’) ಓಡುತ್ತಿಲ್ಲ. ಹಂತ 2ರಿಂದ ಆರಂಭಿಸಿ. ‘ಡಿಸ್ಕನೆಕ್ಟೆಡ್’ ಎಂದರೆ ಯಂತ್ರಾಂಶ ಸಿದ್ಧವಾಗಿದೆ, ಸಂಪರ್ಕ ಮಾತ್ರ ಆಗಿಲ್ಲ. ಹಂತ 5 ಮತ್ತು 6 ನಿಮ್ಮವು. ‘ಕನೆಕ್ಟೆಡ್’ ಎಂದು ತೋರಿಸುತ್ತಿದ್ದರೂ ಪುಟಗಳು ತೆರೆಯದಿದ್ದರೆ ನೇರವಾಗಿ ಹಂತ 7ಕ್ಕೆ ಹೋಗಬಹುದು.

‘ಅನ್‌ಮ್ಯಾನೇಜ್ಡ್’ ಎಂಬುದು ಬೇರೆಯೇ ಕಥೆ. ಅದರ ಅರ್ಥ, ನೆಟ್‌ವರ್ಕ್‌ಮ್ಯಾನೇಜರ್ ಈ ಕಾರ್ಡನ್ನು ಮುಟ್ಟಬಾರದೆಂದು ಯಾರೋ ಹೇಳಿಟ್ಟಿದ್ದಾರೆ. ಡೆಬಿಯನ್ ಮೂಲದ ಸಿಸ್ಟಮ್‌ಗಳಲ್ಲಿ ‘/ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್’ ಕಡತದಲ್ಲಿ ಆ ಇಂಟರ್‌ಫೇಸ್‌ನ ಹೆಸರಿದ್ದರೆ ಹೀಗಾಗುತ್ತದೆ. ಇನ್‌ಸ್ಟಾಲ್ ಮಾಡುವಾಗಲೇ ವೈ-ಫೈ ಬಳಸಿದವರಿಗೆ ಇದು ಹೆಚ್ಚು. ಆ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ ಹಾಕಿ ರೀಬೂಟ್ ಮಾಡಿದರೆ ಸರಿಹೋಗುತ್ತದೆ.

## ಹಂತ 2: ರೇಡಿಯೊ ಮುಚ್ಚಿದೆಯೇ ನೋಡಿ

‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಟೈಪ್ ಮಾಡಿ. ವೈರ್‌ಲೆಸ್ ಲ್ಯಾನ್ ಎಂಬ ಸಾಲಿನ ಕೆಳಗೆ ಸಾಫ್ಟ್ ಬ್ಲಾಕ್ಡ್, ಹಾರ್ಡ್ ಬ್ಲಾಕ್ಡ್ ಎಂಬ ಎರಡು ಉಪಸಾಲುಗಳು ಇರುತ್ತವೆ. ಎರಡರ ಮುಂದೆಯೂ ‘ನೋ’ ಎಂದೇ ಇರಬೇಕು. ಸಾಫ್ಟ್ ಬ್ಲಾಕ್ ಮಾತ್ರ ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ಅದರ ಜೊತೆಗೆ ‘ಎನ್‌ಎಂಸಿಎಲ್‌ಐ ರೇಡಿಯೊ ವೈಫೈ ಆನ್’ ಕೊಟ್ಟರೆ ನೆಟ್‌ವರ್ಕ್‌ಮ್ಯಾನೇಜರ್ ತಾನೇ ಮುಚ್ಚಿಟ್ಟಿದ್ದರೂ ತೆರೆದುಕೊಳ್ಳುತ್ತದೆ.

ಹಾರ್ಡ್ ಬ್ಲಾಕ್ ಇದ್ದಾಗ ಯಾವ ಕಮಾಂಡ್‌ನಿಂದಲೂ ಪ್ರಯೋಜನವಿಲ್ಲ. ಯಂತ್ರದ ಅಂಚಿನಲ್ಲಿರುವ ಚಿಕ್ಕ ಜಾರುಸ್ವಿಚ್, ಎಫ್‌ಎನ್ ಜೊತೆ ಒತ್ತುವ ವಿಮಾನ ಚಿತ್ರದ ಕೀಲಿ, ಬಯೋಸ್‌ನಲ್ಲಿರುವ ವೈರ್‌ಲೆಸ್ ಆಯ್ಕೆ, ಈ ಮೂರನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿ. ಒಮ್ಮೆ ನಾನು ಇಡೀ ಸಂಜೆ ಕುಳಿತು ಡ್ರೈವರ್ ಕಂಪೈಲ್ ಮಾಡಿದ್ದೆ. ರಾತ್ರಿ ಲ್ಯಾಪ್‌ಟಾಪ್ ಎತ್ತಿಡುವಾಗ ಮುಂಭಾಗದ ಅಂಚಿನ ಸ್ವಿಚ್‌ನಲ್ಲಿ ಕಿತ್ತಳೆ ಗೆರೆ ಕಂಡಿತು. ಚೀಲದೊಳಗೆ ಉಜ್ಜಿ ಅದು ಜಾರಿತ್ತು. ಆ ದಿನದಿಂದ ಈ ಹಂತವನ್ನು ಬಿಟ್ಟು ಮುಂದೆ ಹೋಗಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪಟ್ಟಿಯು ಎರಡು ವೈರ್‌ಲೆಸ್ ಲ್ಯಾನ್ ಸಾಲುಗಳನ್ನು ತೋರಿಸುತ್ತದೆ. ‘ಫೈ0’ ಎಂಬುದು ಕಾರ್ಡಿನದು, ಇನ್ನೊಂದು ಲ್ಯಾಪ್‌ಟಾಪ್ ತಯಾರಕರ ಹೆಸರು ಹೊತ್ತ ಪ್ಲಾಟ್‌ಫಾರ್ಮ್ ಡ್ರೈವರ್‌ನದು. ಎರಡನೆಯದು ಇಲ್ಲದ ಸ್ವಿಚ್ಚನ್ನು ಇದೆಯೆಂದು ತಪ್ಪಾಗಿ ತಿಳಿದು ಹಾರ್ಡ್ ಬ್ಲಾಕ್ ಎಂದು ಹಠ ಹಿಡಿಯುವುದುಂಟು. ಆ ಪ್ಲಾಟ್‌ಫಾರ್ಮ್ ಮಾಡ್ಯೂಲನ್ನು (ಕರ್ನೆಲ್‌ಗೆ ಬೇಕೆಂದಾಗ ಏರಿಸಿ ಇಳಿಸಬಹುದಾದ ಡ್ರೈವರ್ ತುಂಡು) ‘ಸುಡೊ ಮೋಡ್‌ಪ್ರೋಬ್ -ಆರ್’ ಮುಂದೆ ಅದರ ಹೆಸರು ಕೊಟ್ಟು ತಾತ್ಕಾಲಿಕವಾಗಿ ಇಳಿಸಿ ನೋಡಿ. ‘ಸುಡೊ’ ಎಂದರೆ ನಿರ್ವಾಹಕ ಅಧಿಕಾರದಲ್ಲಿ ಓಡಿಸು ಎಂದರ್ಥ. ವೈ-ಫೈ ಬಂದರೆ ಕಾರಣ ಸಿಕ್ಕಿತು. ಆದರೆ ಅದೇ ಮಾಡ್ಯೂಲ್ ವಿಶೇಷ ಕೀಲಿಗಳನ್ನೂ ಬ್ಯಾಟರಿ ಮಿತಿಯನ್ನೂ ನೋಡಿಕೊಳ್ಳುತ್ತಿರಬಹುದು, ಆದ್ದರಿಂದ ಶಾಶ್ವತವಾಗಿ ತೆಗೆಯುವ ಮುನ್ನ ಹೊಸ ಕರ್ನೆಲ್‌ನಲ್ಲಿ ಇದು ಸರಿಯಾಗಿದೆಯೇ ನೋಡುವುದು ಒಳ್ಳೆಯದು.

## ಹಂತ 3: ಕಾರ್ಡಿನ ನಿಜವಾದ ಗುರುತು ಪಡೆಯಿರಿ

‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟು, ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲನ್ನು ಹುಡುಕಿ. ಈಥರ್ನೆಟ್ ಕಂಟ್ರೋಲರ್ ಬೇರೆ, ಅದನ್ನು ನೋಡಿ ಮೋಸಹೋಗಬೇಡಿ. ಚೌಕ ಕಂಸದೊಳಗೆ 8086:2723 ಎಂಬಂಥ ಜೋಡಿ ಸಂಖ್ಯೆ ಇರುತ್ತದೆ. ಮೊದಲರ್ಧ ತಯಾರಕರದು, ಎರಡನೆಯದು ಮಾದರಿಯದು. 8086 ಎಂದರೆ ಇಂಟೆಲ್, 14ಇ4 ಎಂದರೆ ಬ್ರಾಡ್‌ಕಾಮ್, 10ಇಸಿ ಎಂದರೆ ರಿಯಲ್‌ಟೆಕ್, 14ಸಿ3 ಎಂದರೆ ಮೀಡಿಯಾಟೆಕ್, 168ಸಿ ಎಂದರೆ ಕ್ವಾಲ್ಕಾಮ್ ಅಥೆರೋಸ್. ಲ್ಯಾಪ್‌ಟಾಪ್‌ನ ಮಾದರಿ ಹೆಸರನ್ನು ನಂಬಿ ಡ್ರೈವರ್ ಹುಡುಕುವುದು ದೊಡ್ಡ ತಪ್ಪು: ಒಂದೇ ಹೆಸರಿನ ಲ್ಯಾಪ್‌ಟಾಪ್‌ನೊಳಗೆ ಬೇರೆ ಬೇರೆ ತಯಾರಿಕಾ ಕಂತುಗಳಲ್ಲಿ ಬೇರೆ ಬೇರೆ ಕಾರ್ಡ್‌ಗಳು ಇರುತ್ತವೆ. ಈ ಜೋಡಿ ಸಂಖ್ಯೆ ಮಾತ್ರ ಸುಳ್ಳು ಹೇಳುವುದಿಲ್ಲ.

ಹೊರಗಿನಿಂದ ಚುಚ್ಚುವ ಯುಎಸ್‌ಬಿ ಡಾಂಗಲ್ ಆಗಿದ್ದರೆ ‘ಎಲ್‌ಎಸ್‌ಯುಎಸ್‌ಬಿ’ ಬಳಸಿ. ಅಲ್ಲಿ 0ಬಿಡಿಎ:1ಎ2ಬಿ ಎಂದು ಕಂಡರೆ, ಆ ರಿಯಲ್‌ಟೆಕ್ ಡಾಂಗಲ್ ತನ್ನನ್ನು ವಿಂಡೋಸ್ ಡ್ರೈವರ್ ತುಂಬಿದ ಡಿಸ್ಕ್ ಎಂದು ಪರಿಚಯಿಸಿಕೊಂಡು ಕುಳಿತಿದೆ ಎಂದರ್ಥ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಹಾಕಿ ಡಾಂಗಲ್ ಕಿತ್ತು ಮತ್ತೆ ಚುಚ್ಚಿದರೆ ನಿಜರೂಪಕ್ಕೆ ಬರಬೇಕು.

ಎರಡೂ ಪಟ್ಟಿಗಳಲ್ಲಿ ಕಾರ್ಡೇ ಕಾಣದಿದ್ದರೆ ಡ್ರೈವರ್ ಬಗ್ಗೆ ಯೋಚಿಸಿ ಪ್ರಯೋಜನವಿಲ್ಲ. ಯಂತ್ರವನ್ನು ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ನಂತರ ಆನ್ ಮಾಡಿ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಅದರ ‘ಫಾಸ್ಟ್ ಸ್ಟಾರ್ಟಪ್’ ಆಯ್ಕೆಯನ್ನು ಆಫ್ ಮಾಡಿ; ಆ ಆಯ್ಕೆ ಆನ್ ಇರುವಾಗ ವಿಂಡೋಸ್ ನಿಜವಾಗಿ ಮುಚ್ಚಿಕೊಳ್ಳದೆ ಅರೆನಿದ್ದೆಗೆ ಹೋಗುತ್ತದೆ, ಕಾರ್ಡ್ ಅರ್ಧಂಬರ್ಧ ಸ್ಥಿತಿಯಲ್ಲಿ ಉಳಿದು ಲಿನಕ್ಸ್‌ಗೆ ಸ್ಪಂದಿಸದೇ ಹೋಗುತ್ತದೆ. ‘ವಿಂಡೋಸ್‌ನಿಂದ ಬಂದರೆ ವೈ-ಫೈ ಇರುವುದಿಲ್ಲ, ರೀಬೂಟ್ ಮಾಡಿದರೆ ಬರುತ್ತದೆ’ ಎಂಬ ದೂರಿಗೆ ಬಹುಪಾಲು ಇದೇ ಕಾರಣ.

## ಹಂತ 4: ಡ್ರೈವರ್ ಮತ್ತು ಫರ್ಮ್‌ವೇರ್

ಹೆಚ್ಚಿನವರು ಎಡವುವುದು ಇಲ್ಲಿ, ಏಕೆಂದರೆ ಡ್ರೈವರ್ ಮತ್ತು ಫರ್ಮ್‌ವೇರ್ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಡ್ರೈವರ್ ಕರ್ನೆಲ್‌ನೊಳಗೆ ಓಡುವ ಮಾಡ್ಯೂಲ್. ಫರ್ಮ್‌ವೇರ್ ಕಾರ್ಡಿನ ಚಿಪ್‌ನೊಳಗೆ ಓಡಬೇಕಾದ ಪ್ರೋಗ್ರಾಮ್, ಅದನ್ನು ಡ್ರೈವರ್ ‘/ಲಿಬ್/ಫರ್ಮ್‌ವೇರ್’ ಫೋಲ್ಡರ್‌ನಿಂದ ಓದಿ ಪ್ರತಿ ಬೂಟ್‌ನಲ್ಲೂ ಕಾರ್ಡ್‌ಗೆ ತುಂಬುತ್ತದೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೆಲಸ ನಡೆಯುವುದಿಲ್ಲ.

ಹಿಂದಿನ ಹಂತದ ಕಮಾಂಡ್‌ನ ಫಲಿತಾಂಶದಲ್ಲೇ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲನ್ನು ನೋಡಿ. ಆ ಸಾಲಿದ್ದರೆ ಡ್ರೈವರ್ ಕಾರ್ಡನ್ನು ಹಿಡಿದಿದೆ. ಇನ್ನು ಫರ್ಮ್‌ವೇರ್ ನೋಡಬೇಕು. ‘ಜರ್ನಲ್‌ಸಿಟಿಎಲ್ -ಕೆ’ ಕೊಟ್ಟು, ತೆರೆದ ಪುಟದಲ್ಲಿ ಓರೆಗೆರೆ ಒತ್ತಿ ‘ಫರ್ಮ್‌ವೇರ್’ ಎಂದು ಹುಡುಕಿ. ಇಂಟೆಲ್ ಕಾರ್ಡ್ ಇರುವವರಿಗೆ ಕಡತದ ಹೆಸರಿನೊಂದಿಗೆ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ … ಫೇಲ್ಡ್ ವಿತ್ ಎರರ್ -2’ ಎಂಬ ಸಾಲು ಕಾಣಬಹುದು. ಇಲ್ಲಿ -2 ಎಂದರೆ ಆ ಹೆಸರಿನ ಕಡತ ಸಿಗಲಿಲ್ಲ ಎಂದಷ್ಟೇ. ಗಾಬರಿಯಾಗುವ ಮುನ್ನ ಮುಂದಿನ ಸಾಲುಗಳನ್ನು ಓದಿ: ಈ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯಿಂದ ಹಿಡಿದು ಹಳೆಯದರ ಕಡೆಗೆ ಒಂದೊಂದಾಗಿ ಹುಡುಕುತ್ತದೆ, ನಾಲ್ಕು ಸಾಲುಗಳಲ್ಲಿ ಸೋತು ಐದನೆಯದರಲ್ಲಿ ‘ಲೋಡೆಡ್ ಫರ್ಮ್‌ವೇರ್ ವರ್ಷನ್’ ಎಂದಿದ್ದರೆ ಎಲ್ಲವೂ ಸರಿಯಿದೆ. ಕೊನೆಯಲ್ಲಿ ‘ನೋ ಸೂಟಬಲ್ ಫರ್ಮ್‌ವೇರ್ ಫೌಂಡ್’ ಎಂದು ಬಂದರೆ ಮಾತ್ರ ಅದು ನಿಜವಾದ ದೋಷ.

ಫರ್ಮ್‌ವೇರ್ ಇಲ್ಲದಿದ್ದರೆ ನಿಮ್ಮ ಡಿಸ್ಟ್ರೊದ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಬಗೆಯ) ಪ್ಯಾಕೇಜನ್ನೇ ಹಾಕಿಕೊಳ್ಳಿ. ಉಬುಂಟು, ಮಿಂಟ್ ಮತ್ತು ಆರ್ಚ್‌ನಲ್ಲಿ ಅದರ ಹೆಸರು ‘ಲಿನಕ್ಸ್-ಫರ್ಮ್‌ವೇರ್’. ಡೆಬಿಯನ್‌ನಲ್ಲಿ ತಯಾರಕರಿಗೆ ತಕ್ಕಂತೆ ‘ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ’, ‘ಫರ್ಮ್‌ವೇರ್-ರಿಯಲ್‌ಟೆಕ್’, ‘ಫರ್ಮ್‌ವೇರ್-ಅಥೆರೋಸ್’ ಎಂದು ಬಿಡಿಬಿಡಿಯಾಗಿವೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಇವನ್ನು ತಾನೇ ಹಾಕಿಕೊಳ್ಳುತ್ತದೆ, ಅದಕ್ಕೂ ಹಿಂದಿನದರಿಂದ ಅಪ್‌ಗ್ರೇಡ್ ಮಾಡಿಕೊಂಡು ಬಂದವರು ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ವಿಭಾಗವನ್ನು ಸೇರಿಸಬೇಕು. ಪ್ಯಾಕೇಜ್ ಹಾಕಿದ ಮೇಲೆ ರೀಬೂಟ್‌ಗಿಂತ ಪೂರ್ತಿ ಆಫ್ ಮಾಡಿ ಆನ್ ಮಾಡುವುದು ವಾಸಿ. ಫೋಲ್ಡರ್‌ನಲ್ಲಿ ಕಡತಗಳ ಹೆಸರಿನ ಕೊನೆಗೆ ಸಂಕುಚಿತ ರೂಪದ ವಿಸ್ತರಣೆ ಇದ್ದರೆ ಅದನ್ನು ದೋಷವೆಂದು ತಿಳಿದು ಬಿಡಿಸಲು ಹೋಗಬೇಡಿ. ಹೊಸ ಕರ್ನೆಲ್‌ಗಳು ಅದನ್ನು ಹಾಗೆಯೇ ಓದುತ್ತವೆ.

ಡ್ರೈವರ್ ಸಾಲೇ ಇಲ್ಲದಿದ್ದರೆ ಮೂರು ಸಾಧ್ಯತೆಗಳಿವೆ. ಮೊದಲನೆಯದು, ಕಾರ್ಡಿಗಿಂತ ಕರ್ನೆಲ್ ಹಳೆಯದು. ಮೀಡಿಯಾಟೆಕ್‌ನ ಎಂಟಿ7921 ಕಾರ್ಡ್‌ಗೆ 5.12ನೇ ಕರ್ನೆಲ್‌ನಿಂದ, ರಿಯಲ್‌ಟೆಕ್‌ನ ‘ಆರ್‌ಟಿಡಬ್ಲ್ಯು89’ ಕುಟುಂಬಕ್ಕೆ 5.16ರಿಂದ ಕರ್ನೆಲ್‌ನೊಳಗೇ ಡ್ರೈವರ್ ಇದೆ. ‘ಯುನೇಮ್ -ಆರ್’ ಕೊಟ್ಟು ನಿಮ್ಮದು ಎಷ್ಟನೆಯದು ಎಂದು ನೋಡಿ, ಅಗತ್ಯವಿದ್ದರೆ ಡಿಸ್ಟ್ರೊ ಒದಗಿಸುವ ಹೊಸ ಕರ್ನೆಲ್‌ಗೆ ಹೋಗಿ. ಹೊರಗಿನ ಡ್ರೈವರ್ ಕಂಪೈಲ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಪ್ರತಿ ಅಪ್‌ಡೇಟ್‌ನಲ್ಲೂ ಮುರಿದುಬೀಳುವ ಭಯವಿರುವುದಿಲ್ಲ.

ಎರಡನೆಯದು, ಅಪ್‌ಡೇಟ್ ಆದ ಮೇಲೆ ಮಾಡ್ಯೂಲ್‌ಗಳೇ ಕಾಣೆಯಾಗಿರುವುದು. ಉಬುಂಟುವಿನಲ್ಲಿ ವೈ-ಫೈ ಡ್ರೈವರ್‌ಗಳು ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಎಂಬ ಬೇರೆ ಪ್ಯಾಕೇಜ್‌ನಲ್ಲಿ ಬರುವುದುಂಟು. ಕರ್ನೆಲ್ಲನ್ನು ಕೈಯಾರೆ ಬದಲಿಸಿದವರು ಅದನ್ನು ಮರೆಯುತ್ತಾರೆ. ಆರ್ಚ್‌ನಲ್ಲಿ ಕರ್ನೆಲ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡದಿದ್ದರೆ ಓಡುತ್ತಿರುವ ಕರ್ನೆಲ್‌ನ ಮಾಡ್ಯೂಲ್ ಫೋಲ್ಡರ್ ಅಳಿಸಿಹೋಗಿರುತ್ತದೆ. ಯಾವುದೇ ಡಿಸ್ಟ್ರೊ ಆದರೂ ‘ನಿನ್ನೆವರೆಗೆ ಸರಿಯಿತ್ತು’ ಎಂದಾದರೆ ಬೂಟ್ ಮೆನುವಿನಿಂದ ಹಳೆಯ ಕರ್ನೆಲ್ ಆರಿಸಿ ನೋಡುವುದು ಎರಡು ನಿಮಿಷದ ಪರೀಕ್ಷೆ.

ಮೂರನೆಯದು, ಬ್ರಾಡ್‌ಕಾಮ್ ಕಾರ್ಡ್‌ಗಳಂತೆ ಒಂದಕ್ಕಿಂತ ಹೆಚ್ಚು ಡ್ರೈವರ್‌ಗಳು ಕಿತ್ತಾಡುವುದು. ‘ಡಬ್ಲ್ಯುಎಲ್’ ಎಂಬ ಮುಚ್ಚಿದ ಡ್ರೈವರ್ ಹಾಕಿದಾಗ ಅದು ‘ಬಿ43’, ‘ಬಿಸಿಎಂಎ’, ‘ಎಸ್‌ಎಸ್‌ಬಿ’ ಮೊದಲಾದ ಮುಕ್ತ ಮಾಡ್ಯೂಲ್‌ಗಳನ್ನು ಬ್ಲಾಕ್‌ಲಿಸ್ಟ್ ಮಾಡುತ್ತದೆ, ಅಂದರೆ ಏರದಂತೆ ತಡೆಯುತ್ತದೆ. ಮುಂದೆ ಅದು ಕೆಲಸ ಮಾಡದಿದ್ದರೆ ಎರಡೂ ಇಲ್ಲದ ಸ್ಥಿತಿ ಬರುತ್ತದೆ. ‘/ಇಟಿಸಿ/ಮೋಡ್‌ಪ್ರೋಬ್.ಡಿ’ ಫೋಲ್ಡರ್‌ನಲ್ಲಿರುವ ಬ್ಲಾಕ್‌ಲಿಸ್ಟ್ ಸಾಲುಗಳನ್ನು ಓದಿ, ನಿಮ್ಮ ಜೋಡಿ ಸಂಖ್ಯೆಗೆ ಹೊಂದುವ ಒಂದನ್ನು ಮಾತ್ರ ಉಳಿಸಿಕೊಳ್ಳಿ.

ಹೊರಗಿನ ಡ್ರೈವರ್ ಹಾಕಲೇಬೇಕಾದಾಗ ಡಿಕೆಎಂಎಸ್ ರೂಪದಲ್ಲಿರುವುದನ್ನೇ ಆರಿಸಿ. ಅದು ಪ್ರತಿ ಹೊಸ ಕರ್ನೆಲ್‌ಗೂ ತಾನೇ ಮತ್ತೆ ಕಂಪೈಲ್ ಆಗುತ್ತದೆ, ಆದರೆ ಆ ಕರ್ನೆಲ್‌ನ ಹೆಡರ್ ಪ್ಯಾಕೇಜ್ ಇದ್ದರೆ ಮಾತ್ರ. ‘ಡಿಕೆಎಂಎಸ್ ಸ್ಟೇಟಸ್’ ಎಂದಾಗ ನಿಮ್ಮ ಈಗಿನ ಕರ್ನೆಲ್‌ನ ಮುಂದೆ ‘ಇನ್‌ಸ್ಟಾಲ್ಡ್’ ಇರಬೇಕು. ಎಲ್ಲ ಸರಿಯಿದ್ದೂ ಮಾಡ್ಯೂಲ್ ಏರಿಸುವಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬಂದರೆ ಅದು ಸೆಕ್ಯೂರ್ ಬೂಟ್ (ನಂಬಿಕೆಯ ಸಹಿಯಿಲ್ಲದ ಕೋಡ್ ಓಡದಂತೆ ನೋಡುವ ಭದ್ರತೆ) ಒಡ್ಡಿದ ತಡೆ. ಮಾಡ್ಯೂಲ್‌ಗೆ ಸಹಿ ಮಾಡಿದ ಕೀಲಿಯನ್ನು ಯಂತ್ರಕ್ಕೆ ಪರಿಚಯಿಸಬೇಕು: ಇನ್‌ಸ್ಟಾಲ್ ಆಗುವಾಗ ಕೇಳುವ ತಾತ್ಕಾಲಿಕ ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳಿ, ರೀಬೂಟ್ ಆದೊಡನೆ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಆ ಪರದೆ ಕೆಲವೇ ಸೆಕೆಂಡು ಕಾದು ತಾನೇ ಹೊರಟುಹೋಗುತ್ತದೆ. ಚಹಾ ತರಲು ಎದ್ದುಹೋದವರು ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

## ಹಂತ 5: ನೆಟ್‌ವರ್ಕ್ ಪಟ್ಟಿಯಲ್ಲಿ ನಿಮ್ಮದು ಕಾಣುತ್ತಿದೆಯೇ

‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್’ ಕೊಟ್ಟಾಗ ಸುತ್ತಲಿನ ನೆಟ್‌ವರ್ಕ್‌ಗಳು, ಅವುಗಳ ಚಾನೆಲ್, ಸಿಗ್ನಲ್ ಬಲ ಕಾಣಬೇಕು. ಒಂದೂ ಕಾಣದಿದ್ದರೆ ಆಂಟೆನಾ ತಂತಿ ಕಳಚಿರಬಹುದು. ಇತ್ತೀಚೆಗೆ ಲ್ಯಾಪ್‌ಟಾಪ್ ಬಿಚ್ಚಿಸಿದ್ದರೆ ಈ ಅನುಮಾನ ಮೊದಲು. ರೂಟರ್‌ನ ಪಕ್ಕದಲ್ಲೇ ಇಟ್ಟಾಗ ಮಾತ್ರ ನೆಟ್‌ವರ್ಕ್ ಕಾಣುವುದು ಅದರ ಸ್ಪಷ್ಟ ಲಕ್ಷಣ.

ಬೇರೆಯವು ಕಂಡು ನಿಮ್ಮದೊಂದೇ ಕಾಣದಿದ್ದರೆ ಬ್ಯಾಂಡ್ ಮತ್ತು ಚಾನೆಲ್ ನೋಡಿ. ಹಳೆಯ ಕಾರ್ಡ್ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದ್ದಾಗಿದ್ದರೆ 5 ಗಿಗಾಹರ್ಟ್ಸ್ ನೆಟ್‌ವರ್ಕ್ ಅದಕ್ಕೆ ಇಲ್ಲವೇ ಇಲ್ಲ. ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿದ್ದರೆ, ಆ ಚಾನೆಲ್‌ಗಳಿಗೆ ಅನುಮತಿಯಿಲ್ಲದ ದೇಶದ ನಿಯಮಕ್ಕೆ ಕಾರ್ಡ್ ಹೊಂದಿಕೊಂಡಿದ್ದಲ್ಲಿ ಕಾಣುವುದಿಲ್ಲ. ‘ಐಡಬ್ಲ್ಯು ರೆಗ್ ಗೆಟ್’ ಎಂದಾಗ ದೇಶದ ಜಾಗದಲ್ಲಿ 00 ಬಂದರೆ ಕಾರ್ಡ್ ಎಲ್ಲ ದೇಶಗಳಿಗೂ ಹೊಂದುವ ಅತಿ ಸಂಕೋಚದ ನಿಯಮದಲ್ಲಿದೆ. ‘ಸುಡೊ ಐಡಬ್ಲ್ಯು ರೆಗ್ ಸೆಟ್’ ಎಂದು ನೀವಿರುವ ದೇಶದ ಎರಡಕ್ಷರದ ಸಂಕೇತವನ್ನು ದೊಡ್ಡಕ್ಷರದಲ್ಲಿ ಕೊಡಿ. ಇಂಟೆಲ್‌ನ ಈಚಿನ ಕಾರ್ಡ್‌ಗಳು ಈ ಕಮಾಂಡನ್ನು ಗಣಿಸುವುದಿಲ್ಲ, ಸುತ್ತಲಿನ ರೂಟರ್‌ಗಳಿಂದ ದೇಶವನ್ನು ತಾವೇ ಊಹಿಸುತ್ತವೆ. ಅವುಗಳ ವಿಷಯದಲ್ಲಿ ರೂಟರ್‌ನ ಚಾನೆಲ್ಲನ್ನು 1, 6, 11ರಲ್ಲಿ ಒಂದಕ್ಕೆ ಬದಲಿಸುವುದೇ ಸುಲಭ. ಬೇರೆ ದೇಶದ ಸಂಕೇತ ಕೊಟ್ಟು ಬಲ ಹೆಚ್ಚಿಸಿಕೊಳ್ಳುವ ಸಲಹೆಗಳನ್ನು ಬದಿಗಿಡಿ, ಅದು ಕಾನೂನಿಗೆ ವಿರುದ್ಧ.

## ಹಂತ 6: ಪಾಸ್‌ವರ್ಡ್ ಸರಿಯಿದ್ದರೂ ಸೇರಿಸಿಕೊಳ್ಳದಿದ್ದರೆ

ಕನ್ನಡದಲ್ಲಿ ಟೈಪ್ ಮಾಡುವವರಿಗೊಂದು ಮಾತು: ಕೀಲಿಮಣೆ ಕನ್ನಡ ವಿನ್ಯಾಸದಲ್ಲಿರುವಾಗ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಚುಕ್ಕಿಗಳು ಮಾತ್ರ ಕಾಣುವುದರಿಂದ ತಪ್ಪು ತಿಳಿಯುವುದೇ ಇಲ್ಲ. ಕಣ್ಣಿನ ಚಿತ್ರ ಒತ್ತಿ ಅಕ್ಷರಗಳನ್ನು ನೋಡಿಯೇ ಮುಂದುವರಿಯಿರಿ.

ನಂತರ ಹಳೆಯ ಉಳಿಕೆಯನ್ನು ಅಳಿಸಿ. ರೂಟರ್ ಬದಲಾಗಿ ಅಥವಾ ಅದರ ಭದ್ರತೆಯ ಬಗೆ ಬದಲಾಗಿ ಹೆಸರು ಮಾತ್ರ ಹಾಗೇ ಉಳಿದಿದ್ದರೆ, ಉಳಿಸಿಟ್ಟ ಹಳೆಯ ಪ್ರೊಫೈಲ್ ಅಡ್ಡಬರುತ್ತದೆ. ‘ಕೀ-ಎಂಜಿಎಂಟಿ ಪ್ರಾಪರ್ಟಿ ಈಸ್ ಮಿಸ್ಸಿಂಗ್’ ಎಂಬ ಸಂದೇಶದ ಮೂಲವೂ ಸಾಮಾನ್ಯವಾಗಿ ಇದೇ. ‘ಎನ್‌ಎಂಸಿಎಲ್‌ಐ ಕನೆಕ್ಷನ್ ಡಿಲೀಟ್’ ಮುಂದೆ ನೆಟ್‌ವರ್ಕ್ ಹೆಸರು ಕೊಟ್ಟು ಅಳಿಸಿ, ‘ಎನ್‌ಎಂಸಿಎಲ್‌ಐ --ಆಸ್ಕ್ ಡಿವೈಸ್ ವೈಫೈ ಕನೆಕ್ಟ್’ ಮುಂದೆ ಮತ್ತೆ ಅದೇ ಹೆಸರು ಕೊಡಿ. ಹೀಗೆ ಮಾಡಿದರೆ ಪಾಸ್‌ವರ್ಡ್ ಟರ್ಮಿನಲ್‌ನ ಇತಿಹಾಸದಲ್ಲಿ ಉಳಿಯುವುದಿಲ್ಲ.

ಅಷ್ಟಾದರೂ ಆಗದಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -ಯು ಡಬ್ಲ್ಯುಪಿಎ_ಸಪ್ಲಿಕಂಟ್’ ಓದಿ. ‘4-ವೇ ಹ್ಯಾಂಡ್‌ಶೇಕ್ ಫೇಲ್ಡ್’ ಎಂದಿದ್ದರೆ ಪಾಸ್‌ವರ್ಡೇ ತಪ್ಪು ಎಂಬ ಸಾಧ್ಯತೆ ಹೆಚ್ಚು. ಅದಿಲ್ಲದೆ ಸೇರಿ ಬಿಟ್ಟು, ಸೇರಿ ಬಿಟ್ಟು ಮಾಡುತ್ತಿದ್ದರೆ ಡಬ್ಲ್ಯುಪಿಎ3 (ವೈ-ಫೈನ ಹೊಸ ಭದ್ರತಾ ಕ್ರಮ) ಕಡೆ ಗಮನ ಕೊಡಿ. ಡಬ್ಲ್ಯುಪಿಎ2 ಮತ್ತು 3 ಬೆರೆತ ರೂಟರ್ ಸೆಟ್ಟಿಂಗ್‌ನಲ್ಲಿ ಹಳೆಯ ಡ್ರೈವರ್‌ಗಳು ತಡವರಿಸುತ್ತವೆ. ಪರೀಕ್ಷೆಗಾಗಿ ರೂಟರನ್ನು ಡಬ್ಲ್ಯುಪಿಎ2 ಮಾತ್ರ ಎಂದು ಇಟ್ಟು ನೋಡಿ, ಗೂಢಲಿಪಿ ಎಇಎಸ್ ಇರಲಿ. ಹಳೆಯ ಗೂಢಲಿಪಿಯಾದ ಟಿಕೆಐಪಿ ಇಟ್ಟರೆ ವೇಗ 54 ಮೆಗಾಬಿಟ್‌ಗಿಂತ ಮೇಲೇರುವುದಿಲ್ಲ. 6 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಮಾತ್ರ ಡಬ್ಲ್ಯುಪಿಎ3 ಕಡ್ಡಾಯ, ಅಲ್ಲಿ ಈ ಉಪಾಯ ನಡೆಯದು.

ಕಚೇರಿ ಮತ್ತು ಕಾಲೇಜುಗಳ ಬಳಕೆದಾರ ಹೆಸರು ಕೇಳುವ ನೆಟ್‌ವರ್ಕ್‌ಗಳಲ್ಲಿ ಯಂತ್ರದ ಗಡಿಯಾರವನ್ನೂ ನೋಡಿಕೊಳ್ಳಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತು ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಪ್ರಮಾಣಪತ್ರದ ಪರಿಶೀಲನೆ ಸೋಲುತ್ತದೆ, ಸಂದೇಶ ಮಾತ್ರ ಪಾಸ್‌ವರ್ಡ್ ತಪ್ಪೆಂಬಂತೆ ಬರುತ್ತದೆ.

## ಹಂತ 7: ಸಂಪರ್ಕವಿದೆ, ಇಂಟರ್ನೆಟ್ ಇಲ್ಲ

ಈ ಹಂತಕ್ಕೆ ಬಂದೊಡನೆ ಟೆದರಿಂಗ್ ಕೇಬಲ್ ಕಿತ್ತಿಡಿ. ನೆಟ್‌ವರ್ಕ್‌ಮ್ಯಾನೇಜರ್ ತಂತಿ ಸಂಪರ್ಕಕ್ಕೆ 100, ವೈ-ಫೈಗೆ 600 ಎಂಬ ಮೆಟ್ರಿಕ್ ಕೊಡುತ್ತದೆ. ಕಡಿಮೆ ಸಂಖ್ಯೆಗೆ ಆದ್ಯತೆ. ಕೇಬಲ್ ಇದ್ದಷ್ಟು ಹೊತ್ತು ನಿಮ್ಮ ಪರೀಕ್ಷೆಗಳೆಲ್ಲ ಫೋನಿನ ಮೂಲಕವೇ ನಡೆದು, ವೈ-ಫೈ ಸರಿಹೋಯಿತೆಂಬ ಭ್ರಮೆ ಹುಟ್ಟುತ್ತದೆ.

‘ಐಪಿ ಅಡ್ರೆಸ್’ ಕೊಟ್ಟು ವೈ-ಫೈ ಇಂಟರ್‌ಫೇಸ್‌ಗೆ ವಿಳಾಸ ಸಿಕ್ಕಿದೆಯೇ ನೋಡಿ. ಇಲ್ಲದಿದ್ದರೆ, ಅಥವಾ 169.254ರಿಂದ ಆರಂಭವಾಗುವ ವಿಳಾಸವಿದ್ದರೆ, ರೂಟರ್ ವಿಳಾಸ ಕೊಟ್ಟಿಲ್ಲ. ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ (ಕಾರ್ಡಿನ ಗುರುತಿನ ವಿಳಾಸ ನೋಡಿ ಒಳಬಿಡುವ ಪಟ್ಟಿ) ಇದ್ದರೆ, ಲಿನಕ್ಸ್ ಯಾದೃಚ್ಛಿಕ ಮ್ಯಾಕ್ ವಿಳಾಸ ಬಳಸುತ್ತಿರುವುದೂ ಕಾರಣವಾಗಬಹುದು; ಸಂಪರ್ಕದ ಸೆಟ್ಟಿಂಗ್‌ನಲ್ಲಿ ಕಾರ್ಡಿನ ಶಾಶ್ವತ ವಿಳಾಸವನ್ನು ಆರಿಸಿ. ರೂಟರ್‌ನಿಂದ ವಿಳಾಸ ಪಡೆಯುವ ಎರಡು ಸೇವೆಗಳು ಒಟ್ಟಿಗೆ ಓಡುತ್ತಿದ್ದರೂ ಇದೇ ಗತಿ: ನೆಟ್‌ವರ್ಕ್‌ಮ್ಯಾನೇಜರ್ ಜೊತೆಗೆ ‘ಡಿಎಚ್‌ಸಿಪಿಸಿಡಿ’ ಅಥವಾ ‘ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ’ ಎರಡನೆಯದಾಗಿ ಸಕ್ರಿಯವಾಗಿದ್ದರೆ ಒಂದನ್ನು ನಿಲ್ಲಿಸಿ.

ವಿಳಾಸವಿದ್ದರೆ ‘ಐಪಿ ರೂಟ್’ ಕೊಡಿ. ಇದರಲ್ಲಿ ‘ಡೀಫಾಲ್ಟ್ ವಯಾ’ ಎಂಬುದರ ಮುಂದಿರುವುದು ರೂಟರ್‌ನ ವಿಳಾಸ. ಅದಕ್ಕೆ ಪಿಂಗ್ ಮಾಡಿ (‘ಪಿಂಗ್’ ಮುಂದೆ ವಿಳಾಸ ಕೊಟ್ಟರೆ ಅಲ್ಲಿಂದ ಉತ್ತರ ಬರುತ್ತದೆಯೇ ತಿಳಿಯುತ್ತದೆ), ಆಮೇಲೆ ಹೊರಗಿನ ವಿಳಾಸವಾದ 1.1.1.1ಕ್ಕೆ, ಆಮೇಲೆ ಯಾವುದಾದರೂ ತಾಣದ ಹೆಸರಿಗೆ. ಮೊದಲೆರಡು ಉತ್ತರಿಸಿ ಮೂರನೆಯದು ಸೋತರೆ ಡಿಎನ್‌ಎಸ್ ದೋಷದ ಸಾಧ್ಯತೆ ಹೆಚ್ಚು. ‘/ಇಟಿಸಿ/ರಿಸಾಲ್ವ್.ಕಾನ್ಫ್’ ಕಡತವನ್ನು ಹಿಂದೊಮ್ಮೆ ಕೈಯಾರೆ ತಿದ್ದಿ ಮರೆತಿರುವುದೇ ಇದಕ್ಕೆ ಹೆಚ್ಚಿನ ಕಾರಣ. ಉಬುಂಟು, ಫೆಡೋರಾಗಳಲ್ಲಿ ಅದು ‘ಸಿಸ್ಟಮ್‌ಡಿ-ರಿಸಾಲ್ವ್‌ಡಿ’ಯ ಕಡತಕ್ಕೆ ಕೊಂಡಿಯಾಗಿರಬೇಕು, ಒಳಗೆ 127.0.0.53 ಎಂದು ಕಾಣಬೇಕು. ರೂಟರ್ ಉತ್ತರಿಸಿ ಹೊರಗಿನದು ಉತ್ತರಿಸದಿದ್ದರೆ, ಹಳೆಯ ವಿಪಿಎನ್‌ನ ತಡೆ ಉಳಿದಿದೆಯೇ ಎಂದು ‘ಎನ್‌ಎಂಸಿಎಲ್‌ಐ ಕನೆಕ್ಷನ್ ಶೋ’ ಪಟ್ಟಿಯಲ್ಲಿ ಹುಡುಕಿ. ಕೆಲವು ನೆಟ್‌ವರ್ಕ್‌ಗಳು ಪಿಂಗ್ ಅನ್ನೇ ತಡೆಯುತ್ತವೆ, ಆದ್ದರಿಂದ ಪಿಂಗ್ ಸೋತಿತೆಂಬ ಒಂದೇ ಆಧಾರದ ಮೇಲೆ ತೀರ್ಮಾನಿಸಬೇಡಿ.

## ಹಂತ 8: ಸಂಪರ್ಕ ಕಡಿಯುವುದು, ನಿಧಾನವಾಗುವುದು

ರೂಟರ್‌ನ ವಿಳಾಸಕ್ಕೆ ಪಿಂಗ್ ಹಚ್ಚಿ ಐದು ನಿಮಿಷ ಬಿಡಿ. ಎರಡು ಮೂರು ಮಿಲಿಸೆಕೆಂಡು ಇರಬೇಕಾದ ಉತ್ತರ ನಡುನಡುವೆ ನೂರು, ಇನ್ನೂರಕ್ಕೆ ಹಾರಿ ಮತ್ತೆ ಇಳಿಯುತ್ತಿದ್ದರೆ ವಿದ್ಯುತ್ ಉಳಿತಾಯದ ಮೇಲೆ ಅನುಮಾನ ಪಡಬೇಕು. ‘ಸುಡೊ ಐಡಬ್ಲ್ಯು ಡೆವ್ ಡಬ್ಲ್ಯುಎಲ್‌ಪಿ2ಎಸ್0 ಸೆಟ್ ಪವರ್_ಸೇವ್ ಆಫ್’ ಕೊಟ್ಟು ಮತ್ತೆ ಐದು ನಿಮಿಷ ನೋಡಿ. ಏರಿಳಿತ ನಿಂತರೆ ಅದನ್ನು ಶಾಶ್ವತ ಮಾಡಿ: ‘/ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ’ ಫೋಲ್ಡರ್‌ನಲ್ಲಿ, ಎನ್ ಮತ್ತು ಎಂ ದೊಡ್ಡಕ್ಷರದಲ್ಲಿರುವುದನ್ನು ಗಮನಿಸಿ, ಹೊಸ ಕಡತವೊಂದನ್ನು ರಚಿಸಿ, ಮೊದಲ ಸಾಲಿನಲ್ಲಿ ಚೌಕ ಕಂಸದೊಳಗೆ ‘ಕನೆಕ್ಷನ್’, ಎರಡನೆಯದರಲ್ಲಿ ‘ವೈಫೈ.ಪವರ್‌ಸೇವ್ = 2’ ಎಂದು ಬರೆಯಿರಿ. ಇಲ್ಲಿ 2 ಎಂದರೆ ಆಫ್, 3 ಎಂದರೆ ಆನ್. ತರ್ಕ ವಿಚಿತ್ರವಾದರೂ ಸಂಖ್ಯೆ ಹಾಗೆಯೇ ಇದೆ. ಉಬುಂಟುವಿನಲ್ಲಿ 3 ಎಂದಿರುವ ಕಡತ ಮೊದಲೇ ಇರುತ್ತದೆ, ಕಡತಗಳನ್ನು ಅಕಾರಾದಿ ಕ್ರಮದಲ್ಲಿ ಓದಿ ಕೊನೆಯದನ್ನು ಒಪ್ಪಲಾಗುತ್ತದೆ. ಆದ್ದರಿಂದ ನಿಮ್ಮ ಕಡತದ ಹೆಸರು ‘ಝೆಡ್‌ಝೆಡ್’ನಿಂದ ಶುರುವಾಗಲಿ, ಕೊನೆಗೆ ‘.ಕಾನ್ಫ್’ ಇರಲಿ. ಬ್ಯಾಟರಿಯಲ್ಲಿದ್ದಾಗ ಮಾತ್ರ ತೊಂದರೆಯಿದ್ದರೆ ‘ಟಿಎಲ್‌ಪಿ’ ಎಂಬ ವಿದ್ಯುತ್ ನಿರ್ವಾಹಕ ನಿಮ್ಮ ಆಯ್ಕೆಯನ್ನು ಮೀರುತ್ತಿದೆಯೇ ನೋಡಿ.

ಲ್ಯಾಪ್‌ಟಾಪ್ ನಿದ್ದೆಯಿಂದ ಎದ್ದ ಮೇಲೆ ಮಾತ್ರ ವೈ-ಫೈ ಬರದಿದ್ದರೆ ಮಾಡ್ಯೂಲನ್ನು ಇಳಿಸಿ ಮತ್ತೆ ಏರಿಸಿ ನೋಡಿ. ಇಂಟೆಲ್‌ನ ಬಹುಪಾಲು ಕಾರ್ಡ್‌ಗಳಲ್ಲಿ ‘ಐಡಬ್ಲ್ಯುಎಲ್‌ಎಂವಿಎಂ’ ಮೊದಲು, ‘ಐಡಬ್ಲ್ಯುಎಲ್‌ವೈಫೈ’ ನಂತರ ಇಳಿಸಬೇಕು. ಕ್ರಮ ತಪ್ಪಿದರೆ ಮಾಡ್ಯೂಲ್ ಬಳಕೆಯಲ್ಲಿದೆ ಎಂದು ನಿರಾಕರಿಸುತ್ತದೆ.

ಸಿಗ್ನಲ್ ಬಲವನ್ನು ‘ಐಡಬ್ಲ್ಯು ಡೆವ್ ಡಬ್ಲ್ಯುಎಲ್‌ಪಿ2ಎಸ್0 ಲಿಂಕ್’ ತೋರಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು: -50 ಉತ್ತಮ, -67ರವರೆಗೆ ವಿಡಿಯೊ ಕರೆಗೂ ಸಾಕು, -80 ದಾಟಿದರೆ ಯಾವ ಸೆಟ್ಟಿಂಗೂ ಉಳಿಸದು. ಬ್ಲೂಟೂತ್ ಹೆಡ್‌ಸೆಟ್ ಹಾಕಿದಾಗ ವೇಗ ಕುಸಿಯುವುದು, ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಚುಚ್ಚಿದೊಡನೆ ಸಂಪರ್ಕ ಕಡಿಯುವುದು, ಎರಡೂ 2.4 ಗಿಗಾಹರ್ಟ್ಸ್‌ನ ಲಕ್ಷಣಗಳು. ಸಂಪರ್ಕವನ್ನು 5 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಲು ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ‘ಎ’ ಆರಿಸಿ.

## ಹಂತ 9: ಕಾರ್ಡ್ ಬದಲಿಸುವ ಮುನ್ನ

ಹೊಸ ಡಿಸ್ಟ್ರೊ ಒಂದರ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಸಿಸ್ಟಮ್) ಬೂಟ್ ಮಾಡಿ ಪರೀಕ್ಷಿಸಿ. ಅಲ್ಲಿ ಎಲ್ಲ ಸರಿಯಿದ್ದರೆ ನಿಮ್ಮ ಸಿಸ್ಟಮ್‌ನ ಸೆಟ್ಟಿಂಗ್ ಅಥವಾ ಕರ್ನೆಲ್ ದೋಷಿ, ಕಾರ್ಡ್ ನಿರ್ದೋಷಿ. ಅಲ್ಲಿಯೂ ವಿಂಡೋಸ್‌ನಲ್ಲಿಯೂ ಕೈಕೊಟ್ಟರೆ ಕಾರ್ಡ್ ಕೆಟ್ಟಿದೆ. ಕರ್ನೆಲ್ ದಾಖಲೆಯಲ್ಲಿ ‘ಎರರ್ -110’ ಪದೇ ಪದೇ ಬರುವುದು, ಅಂದರೆ ಕಾರ್ಡ್ ಕಾಲಮಿತಿಯೊಳಗೆ ಉತ್ತರಿಸದಿರುವುದು, ಬಿಸಿಯಾದಾಗ ಕಾರ್ಡ್ ಪಟ್ಟಿಯಿಂದಲೇ ಮಾಯವಾಗುವುದು ಇದಕ್ಕೆ ಮುನ್ಸೂಚನೆಗಳು.

ಬದಲಿ ಕಾರ್ಡ್ ಕೊಳ್ಳುವಾಗ ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಮಾದರಿಗಳಿಗೂ ಎಎಕ್ಸ್201, ಎಎಕ್ಸ್211 ಮಾದರಿಗಳಿಗೂ ಇರುವ ವ್ಯತ್ಯಾಸ ಗಮನಿಸಿ. ಕೊನೆಯಲ್ಲಿ 1 ಇರುವವು ತಮ್ಮ ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರ್‌ಗೆ ಬಿಟ್ಟಿವೆ, ಹೊಂದುವ ಇಂಟೆಲ್ ಪ್ರೊಸೆಸರ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಅವು ಕೆಲಸ ಮಾಡುವುದಿಲ್ಲ. ಕೊನೆಯಲ್ಲಿ 0 ಇರುವವು ಸ್ವತಂತ್ರ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ ತಾನು ಒಪ್ಪಿದ ಕಾರ್ಡ್‌ಗಳನ್ನು ಮಾತ್ರ ಬಿಟ್ಟುಕೊಳ್ಳುತ್ತದೆ, ಅದನ್ನು ಮೊದಲೇ ವಿಚಾರಿಸಿ. ಬಿಚ್ಚುವಾಗ ಬ್ಯಾಟರಿಯ ಕನೆಕ್ಟರ್ ಮೊದಲು ಕಳಚಿ, ಎರಡು ಆಂಟೆನಾ ತಂತಿಗಳು ಯಾವ ಗುಂಡಿಗೆ ಯಾವುದು ಇತ್ತೆಂದು ಫೋಟೊ ತೆಗೆದುಕೊಳ್ಳಿ, ಅವನ್ನು ಎಳೆಯದೆ ನೇರವಾಗಿ ಮೇಲಕ್ಕೆ ಎತ್ತಿ.

ಕಾರ್ಡ್ ಸರಿಯಿದ್ದೂ ದೋಷ ಬಗೆಹರಿಯದೆ ಇನ್ನೊಬ್ಬರ ಸಹಾಯ ಕೇಳಬೇಕಾದರೆ, ಕಾರ್ಡಿನ ಜೋಡಿ ಸಂಖ್ಯೆ, ಡಿಸ್ಟ್ರೊ ಮತ್ತು ಕರ್ನೆಲ್ ಆವೃತ್ತಿ, ‘ಆರ್‌ಎಫ್‌ಕಿಲ್ ಲಿಸ್ಟ್’ ಫಲಿತಾಂಶ, ಕರ್ನೆಲ್ ದಾಖಲೆಯಲ್ಲಿ ಡ್ರೈವರ್ ಹೆಸರಿರುವ ಸಾಲುಗಳು, ಇಷ್ಟನ್ನು ಪಠ್ಯರೂಪದಲ್ಲೇ ಕೊಡಿ. ಪರದೆಯ ಫೋಟೊ ಬೇಡ. ಕಳುಹಿಸುವ ಮುನ್ನ ಅದರಲ್ಲಿ ನಿಮ್ಮ ಪಾಸ್‌ವರ್ಡ್, ಮ್ಯಾಕ್ ವಿಳಾಸ, ನೆಟ್‌ವರ್ಕ್ ಹೆಸರು ಉಳಿದಿಲ್ಲವೆಂದು ಒಮ್ಮೆ ಓದಿ ನೋಡಿ.